ಸತ್ತ ಕ್ಯಾಮೆರಾ ಗುಜರಿಗೆ ಹಾಕಬೇಡಿ

‘ಸ್ಪೇರ್ ಸಿಗಲ್ಲ ಸಾರ್. ಶೋಕೇಸಲ್ಲಿ ಇಟ್ಕೊಳ್ಳಿ, ಚೆನ್ನಾಗಿರುತ್ತೆ.’

ಅಪ್ಪನದೋ ಸೋದರಮಾವನದೋ ಹಳೇ ಫಿಲಂ ಕ್ಯಾಮೆರಾ ಹಿಡಿದುಕೊಂಡು ಅಂಗಡಿ ಮೆಟ್ಟಿಲು ಹತ್ತಿದವರಿಗೆಲ್ಲ ಮೊದಲು ಸಿಗುವ ಉತ್ತರ ಇದು. ಹೇಳುವವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಯಾಷಿಕಾವನ್ನು 1983ರಲ್ಲಿ ಕ್ಯೊಸೆರಾ ಕಂಪನಿ ತನ್ನೊಳಗೆ ಸೇರಿಸಿಕೊಂಡಿತು, 2005ರಲ್ಲಿ ಕ್ಯೊಸೆರಾ ಕ್ಯಾಮೆರಾ ವ್ಯವಹಾರಕ್ಕೇ ಬಾಗಿಲು ಹಾಕಿತು. ಮಿನೋಲ್ಟಾ ಹೋಗಿ ಕೋನಿಕಾ ಜೊತೆ ಸೇರಿತು, 2006ರಲ್ಲಿ ಎರಡೂ ಒಟ್ಟಿಗೆ ಕ್ಯಾಮೆರಾ ಬಿಟ್ಟವು. ಪೆಂಟ್ಯಾಕ್ಸ್ ಕೆ1000 ತಯಾರಿಕೆ 1997ರಲ್ಲಿ ನಿಂತಿತು, ನಿಕಾನ್ ಎಫ್‌ಎಂ2 2001ರಲ್ಲಿ. ತಯಾರಿಕೆ ನಿಂತ ಮೇಲೆ ಕೆಲವು ವರ್ಷ ಬಿಡಿಭಾಗ ಇಟ್ಟುಕೊಂಡು ಆಮೇಲೆ ಕೈಚೆಲ್ಲುವುದು ಕಂಪನಿಗಳ ರೂಢಿ. ಮಾಡಿದವರೇ ಇಲ್ಲದ ಮೇಲೆ ಬೆಂಗಳೂರಿನ ರಾಜಾಜಿನಗರದ ಅಂಗಡಿಯವರು ಸ್ಪೇರ್ ಎಲ್ಲಿಂದ ತಂದಾರು?

ಆದರೂ ಆ ‘ಸಿಗಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕ್ಯಾಮೆರಾ ಅಂಗಡಿಯಲ್ಲಿ ಸಿಗುವುದಿಲ್ಲ ಎಂದರೆ ಸರಿ. ರಾಜಾಜಿನಗರ, ಬಸವೇಶ್ವರನಗರ, ಕಾಮಾಕ್ಷಿಪಾಳ್ಯ, ವಿಜಯನಗರ, ಕೆಂಗೇರಿ ಇಷ್ಟರೊಳಗೇ ವಾಚ್ ರಿಪೇರಿಯವರಿದ್ದಾರೆ, ಲೇತ್ ಇಟ್ಟುಕೊಂಡವರಿದ್ದಾರೆ, ಕನ್ನಡಕದ ಅಂಗಡಿಗಳಿವೆ, ಕಿವಿಯ ಮಿಷನ್ ಮಾರುವವರಿದ್ದಾರೆ, ಕಾರಿನ ಸೀಟು ಹೊಲಿಯುವವರಿದ್ದಾರೆ. ಹಳೇ ಕ್ಯಾಮೆರಾಕ್ಕೆ ಬೇಕಾದ ಮುಕ್ಕಾಲು ವಸ್ತು ಈ ಜನರ ಹತ್ತಿರ ಇದೆ. ಅದು ಕ್ಯಾಮೆರಾದ ಬಿಡಿಭಾಗ ಎಂದು ಅವರಿಗೆ ಗೊತ್ತಿಲ್ಲ, ನಮಗೂ ಗೊತ್ತಿಲ್ಲ, ಅಷ್ಟೇ ವ್ಯತ್ಯಾಸ. ಉಳಿದ ಕಾಲು ಭಾಗ ಮಾತ್ರ ನಿಜವಾಗಿ ಕಷ್ಟದ್ದು. ಅದು ಇನ್ನೊಂದು ಸತ್ತ ಕ್ಯಾಮೆರಾದ ಹೊಟ್ಟೆಯಲ್ಲಿ ಮಾತ್ರ ಇರುತ್ತದೆ.

ಹಾಗಾಗಿ ಹುಡುಕಾಟಕ್ಕೆ ಹೊರಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಹೋಗಿರುವುದು ಕಾಲಕ್ಕೆ ಕೊಳೆತು, ಒಣಗಿ, ಸವೆದು ಹೋಗುವ ವಸ್ತುವೋ, ಅಥವಾ ಅಚ್ಚಿನಲ್ಲಿ ಎರಕವಾಗಿ, ಇಂಥದೇ ಆಕಾರದಲ್ಲಿ ಹುಟ್ಟಿದ ಭಾಗವೋ? ಮೊದಲನೆಯದಕ್ಕೆ ಊರು ಸುತ್ತಬೇಕು. ಎರಡನೆಯದಕ್ಕೆ ಅಟ್ಟ ಸುತ್ತಬೇಕು.

ನಮ್ಮ ಕಡೆಯ ಅಟ್ಟಗಳಲ್ಲಿ ಸಿಗುವ ಕ್ಯಾಮೆರಾಗಳು ಹೆಚ್ಚುಕಮ್ಮಿ ಒಂದೇ ಪಟ್ಟಿಯವು. ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ಕಾರ್ಖಾನೆಯಲ್ಲಿ ತಯಾರಾದ ಆಗ್ಫಾ ಕ್ಲಿಕ್ 3, 120 ರೋಲಿನಲ್ಲಿ 12 ಚೌಕ ಚಿತ್ರ ಕೊಡುವ ಪ್ಲಾಸ್ಟಿಕ್ ಕ್ಯಾಮೆರಾ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ರೋಲು ಹಾಕಿ ಪ್ರವಾಸಕ್ಕೆ ಒಯ್ದ ಕುಟುಂಬಗಳು ಎಷ್ಟೋ. ಸ್ಟುಡಿಯೋದವರ ಮನೆಯಾದರೆ ಯಾಷಿಕಾ ಮ್ಯಾಟ್ ಇರುತ್ತದೆ, ಎದೆಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡುವ, ಒಂದರ ಮೇಲೊಂದು ಎರಡು ಲೆನ್ಸ್ ಇರುವ ಕ್ಯಾಮೆರಾ. ಎಪ್ಪತ್ತು, ಎಂಬತ್ತರ ದಶಕದ ಮದುವೆ ಆಲ್ಬಂನಲ್ಲಿ ಧಾರೆಯ ಚಿತ್ರ ಚೌಕವಾಗಿದ್ದರೆ ಅದು ಬಹುಪಾಲು ಇಂಥ ಕ್ಯಾಮೆರಾದ ಕೆಲಸ. ಅದಲ್ಲದೆ ರಷ್ಯಾದ ಜೆನಿತ್, ಪೆಂಟ್ಯಾಕ್ಸ್ ಕೆ1000, ಪತ್ರಿಕಾ ಛಾಯಾಗ್ರಾಹಕರ ಕೈಯಲ್ಲಿ ಸವೆದ ನಿಕಾನ್, ಗಲ್ಫಿನಿಂದ ಯಾರೋ ತಂದ ಯಾಷಿಕಾ ಎಲೆಕ್ಟ್ರೊ.

ಇವುಗಳಲ್ಲಿ ಜಪಾನಿನ 35 ಎಂಎಂ ಕ್ಯಾಮೆರಾದ ಹಿಂಬಾಗಿಲು ತೆರೆದು ನೋಡಿ. ಬಾಗಿಲು ಕೂರುವ ಸಣ್ಣ ಕಾಲುವೆಯಲ್ಲಿ ಕಪ್ಪಗೆ, ಟಾರಿನ ಹಾಗೆ ಅಂಟಂಟಾಗಿ ಏನೋ ಇರುತ್ತದೆ. ಅದು ಒಂದು ಕಾಲದಲ್ಲಿ ಮೆತ್ತನೆಯ ಫೋಮ್ ಆಗಿತ್ತು. ಪಾಲಿಯುರೆಥೇನ್ ಫೋಮ್ ತೇವಕ್ಕೂ ವಯಸ್ಸಿಗೂ ಕರಗಿ ಹೀಗಾಗುತ್ತದೆ, ಕ್ಯಾಮೆರಾ ಬಳಸಿದರೂ ಬಳಸದಿದ್ದರೂ. ಫೋಮ್ ಹೋದರೆ ಬೆಳಕು ನುಸುಳುತ್ತದೆ, ರೋಲು ಹಾಳಾಗುತ್ತದೆ. ‘ಕ್ಯಾಮೆರಾ ಕೆಟ್ಟಿದೆ’ ಎಂದು ಅಟ್ಟ ಸೇರಿದ ಎಷ್ಟೋ ಕ್ಯಾಮೆರಾಗಳಿಗೆ ಬಂದಿರುವ ರೋಗ ಇದೊಂದೇ. ಇದಕ್ಕೆ ಬೇಕಾದ ‘ಬಿಡಿಭಾಗ’ ಮೆಡಿಕಲ್ ಸ್ಟೋರಿನ ಸ್ಪಿರಿಟ್, ಹಲ್ಲುಕಡ್ಡಿ, ಆಮೇಲೆ ಟೈಲರ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಕಪ್ಪು ಉಲ್ಲನ್ ದಾರ, ಕಪ್ಪು ವೆಲ್ವೆಟ್ ರಿಬ್ಬನ್. ಹಲ್ಲುಕಡ್ಡಿಯ ತುದಿಗೆ ಸ್ಪಿರಿಟ್ ಹಚ್ಚಿ ಕಾಲುವೆಯನ್ನು ನಿಧಾನಕ್ಕೆ ಕೆರೆಯಬೇಕು. ಕೆರೆದ ಕಪ್ಪು ಷಟರ್ ಬಟ್ಟೆಯ ಮೇಲೆ ಬೀಳದಂತೆ ಒಂದು ಕಾಗದ ಅಡ್ಡ ಇಟ್ಟಿರಬೇಕು. ಚೊಕ್ಕಟವಾದ ಕಾಲುವೆಯಲ್ಲಿ ಉಲ್ಲನ್ ಎಳೆ ಕೂರಿಸಿ, ಬಾಗಿಲಿನ ಹಿಂಜಿನ ಕಡೆ ವೆಲ್ವೆಟ್ ಪಟ್ಟಿ ಅಂಟಿಸಿದರೆ ಮುಗಿಯಿತು. ಉಲ್ಲನ್ ಫೋಮಿನ ಹಾಗೆ ಕರಗುವುದಿಲ್ಲ. ರೆಕ್ಸಿನ್ ಕಿತ್ತು ಹೋಗಿದ್ದರೆ ಪುಸ್ತಕ ಬೈಂಡಿಂಗಿನವರ ತೆಳು ರೆಕ್ಸಿನ್ ಸೀಟಿನ ರೆಕ್ಸಿನ್‌ಗಿಂತ ಚೆನ್ನಾಗಿ ಕೂರುತ್ತದೆ. ಸೀಟಿನದು ದಪ್ಪ, ಅಂಚಿನಲ್ಲಿ ಎದ್ದು ನಿಲ್ಲುತ್ತದೆ.

ಒಲಿಂಪಸ್ ಓಎಂ-1 ಇರುವವರು ಮಾತ್ರ ಹಿಂಬಾಗಿಲಿಗೆ ನಿಲ್ಲಿಸಬಾರದು. ಅದರ ತಲೆಯೊಳಗೆ ಪ್ರಿಸಂ ಸುತ್ತಲೂ ಇದೇ ಫೋಮ್ ಇದೆ. ಅದು ಕರಗಿ ಪ್ರಿಸಂ ಹಿಂದಿನ ಬೆಳ್ಳಿ ಲೇಪವನ್ನೇ ತಿಂದುಹಾಕುತ್ತದೆ. ಲೇಪ ಹೋದ ಪ್ರಿಸಂಗೆ ಇನ್ನೊಂದು ಕ್ಯಾಮೆರಾದ ಪ್ರಿಸಂ ಬಿಟ್ಟರೆ ಬೇರೆ ದಾರಿ ಇಲ್ಲ.

ಯಾಷಿಕಾ ಎಲೆಕ್ಟ್ರೊ 35ರ ಕಥೆ ಇನ್ನೂ ಸಣ್ಣದು, ಇನ್ನೂ ನೋವಿನದು. 1966ರಲ್ಲಿ ಬಂದ ಈ ಕ್ಯಾಮೆರಾದ ಷಟರ್ ಬಟನ್ನಿನ ಕಂಬಿಗೆ ಒತ್ತಿಕೊಂಡು ಒಂದು ರಬ್ಬರ್ ಬಿಲ್ಲೆ ಇದೆ, ಬೆರಳ ಉಗುರಿಗಿಂತ ಚಿಕ್ಕದು. ಅದು ಪುಡಿಯಾದರೆ ಷಟರ್ ತನ್ನ ಲೆಕ್ಕ ಮರೆಯುತ್ತದೆ. ಸರಿಯಿದ್ದಾಗ ಫಿಲಂ ಸುತ್ತುವ ಲಿವರ್ ಕೊನೆ ಮುಟ್ಟಿದಾಗ ಒಳಗಿನಿಂದ ‘ಟಕ್’ ಎಂಬ ಸದ್ದು ಕೇಳುತ್ತದೆ. ಆ ಸದ್ದು ಇಲ್ಲದಿದ್ದರೆ ಬಿಲ್ಲೆ ಹೋಗಿದೆ ಎಂದೇ ಅರ್ಥ. ಅದೇ ದಪ್ಪದ ಗಟ್ಟಿ ರಬ್ಬರ್ ತುಂಡು ಕತ್ತರಿಸಿ ಕೂರಿಸಿದರೆ ಕ್ಯಾಮೆರಾ ಎದ್ದು ಕೂರುತ್ತದೆ. ಬಿಚ್ಚಿ ಜೋಡಿಸುವ ಕೆಲಸ ದೊಡ್ಡದು, ವಸ್ತು ಪುಕ್ಕಟೆ. ಸೆಕೆಂಡ್ ಹ್ಯಾಂಡ್ ಎಲೆಕ್ಟ್ರೊ ಕೊಳ್ಳುವವರು ದುಡ್ಡು ಕೊಡುವ ಮೊದಲು ಲಿವರ್ ಸುತ್ತಿ ಕಿವಿಗೊಟ್ಟು ಕೇಳಲಿ.

ಬ್ಯಾಟರಿಯದು ಬೇರೆಯೇ ತಾಪತ್ರಯ. ಯಾಷಿಕಾ ಮ್ಯಾಟ್ 124ಜಿ, ಓಎಂ-1, ಇನ್ನೂ ಎಷ್ಟೋ ಕ್ಯಾಮೆರಾಗಳ ಬೆಳಕಿನ ಮೀಟರು 625 ಎಂಬ ಪಾದರಸದ ಬಟನ್ ಬ್ಯಾಟರಿಗೆ ಲೆಕ್ಕ ಹಾಕಿ ಮಾಡಿದ್ದು. ಪಾದರಸದ ಬ್ಯಾಟರಿಯ ದೊಡ್ಡ ಗುಣವೆಂದರೆ ಸಾಯುವ ತನಕ ಒಂದೇ ಸಮ 1.35 ವೋಲ್ಟ್ ಕೊಡುವುದು. ಪಾದರಸ ವಿಷ, ಒಂದೊಂದೇ ದೇಶ ಅದನ್ನು ನಿಲ್ಲಿಸುತ್ತ ಬಂತು, 2013ರ ಮಿನಮಾಟಾ ಒಪ್ಪಂದ 2020ರ ಗಡುವು ಕೊಟ್ಟು ಪೂರ್ತಿ ತೆರೆ ಎಳೆಯಿತು. ಎಳೆದದ್ದು ಒಳ್ಳೆಯದೇ. ಈಗ ಅಂಗಡಿಯಲ್ಲಿ ಸಿಗುವ ಅಲ್ಕಲೈನ್ ಬಟನ್ 1.5 ವೋಲ್ಟಿನಿಂದ ಶುರುವಾಗಿ ದಿನದಿನಕ್ಕೆ ಇಳಿಯುತ್ತದೆ. ವೋಲ್ಟೇಜ್ ಜಾಸ್ತಿಯಾದರೆ ಮೀಟರು ಇರುವುದಕ್ಕಿಂತ ಹೆಚ್ಚು ಬೆಳಕು ಇದೆ ಎಂದು ನಂಬುತ್ತದೆ, ಚಿತ್ರ ಕಪ್ಪಾಗುತ್ತದೆ. ಎಲ್ಲ ಕ್ಯಾಮೆರಾಕ್ಕೂ ಈ ತೊಂದರೆ ಇಲ್ಲ. ಪೆಂಟ್ಯಾಕ್ಸ್ ಸ್ಪಾಟ್‌ಮ್ಯಾಟಿಕ್‌ನ ಮೀಟರಿನಲ್ಲಿ ಬ್ರಿಜ್ ಸರ್ಕ್ಯೂಟ್ ಇರುವುದರಿಂದ ವೋಲ್ಟೇಜಿನ ಏರುಪೇರು ಅದಕ್ಕೆ ತಾಗುವುದಿಲ್ಲ.

ಉಳಿದವರಿಗೆ ಉತ್ತರ ಕಿವಿಯ ಮಿಷನ್ ಮಾರುವ ಅಂಗಡಿಯಲ್ಲಿದೆ. ಅಲ್ಲಿ 675 ಎಂಬ ಜಿಂಕ್-ಏರ್ ಬ್ಯಾಟರಿ ಸಿಗುತ್ತದೆ, 1.4 ವೋಲ್ಟ್, ಬಹುಪಾಲು ಇಳಿಯದೆ ನಿಲ್ಲುವಂಥದ್ದು. ಮೇಲಿನ ಸ್ಟಿಕ್ಕರ್ ಕಿತ್ತ ಗಳಿಗೆಯಿಂದ ಅದು ಗಾಳಿ ಕುಡಿಯಲು ಶುರು ಮಾಡುತ್ತದೆ, ಕೆಲವು ವಾರಗಳಲ್ಲಿ ಮುಗಿಯುತ್ತದೆ. ಅಗ್ಗವಾದ್ದರಿಂದ ಚಿಂತೆಯಿಲ್ಲ. ಚಿಂತೆ ಅಳತೆಯದು. 625ರ ಅಗಲ ಸುಮಾರು 15.6 ಮಿಲಿಮೀಟರ್, 675ರದು 11.6. ನಡುವಿನ ಜಾಗ ತುಂಬಲು ಒಂದು ಹಿತ್ತಾಳೆ ಉಂಗುರ ಬೇಕು.

ಇಲ್ಲಿಗೆ ಕಾಮಾಕ್ಷಿಪಾಳ್ಯ ಬಂತು. ಮಾಗಡಿ ರಸ್ತೆಯ ಈ ಕಡೆಯ ಗಲ್ಲಿಗಳಲ್ಲಿ, ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಷಟರ್ ಎತ್ತಿದ ಪ್ರತಿ ಮಳಿಗೆಯಲ್ಲೂ ಲೇತ್ ತಿರುಗುತ್ತಿರುತ್ತದೆ, ಕೂಲೆಂಟಿನ ವಾಸನೆ ಬೀದಿಗೆ ಬರುತ್ತದೆ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಶುರುವಾದ, ಜಿಟಿಟಿಸಿ ಎಂದೇ ಜನ ಕರೆಯುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇರುವುದೂ ಇದೇ ಎಸ್ಟೇಟಿನಲ್ಲಿ. ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಮಾತಾಡುವ ಟರ್ನರ್‌ಗಳು ಇಷ್ಟು ಹತ್ತಿರ ಹತ್ತಿರ ಸಿಗುವ ಜಾಗ ಕಡಿಮೆ. ಅವರಿಗೆ ಹಿತ್ತಾಳೆ ಉಂಗುರ ಐದು ನಿಮಿಷದ ಕೆಲಸ. ಕಷ್ಟವಿರುವುದು ಒಪ್ಪಿಸುವುದರಲ್ಲಿ.

‘ಅಣ್ಣಾ, ಇದೊಂದು ರಿಂಗ್ ಟರ್ನಿಂಗ್ ಮಾಡ್ಕೊಡ್ತೀರಾ?’

‘ಎಷ್ಟು ಪೀಸು?’

‘ಒಂದೇ.’

‘ಒಂದಕ್ಕೆ ಸೆಟ್ಟಿಂಗ್ ಮಾಡಿದ್ರೆ ಬಾಡಿಗೆ ಯಾರು ಕಟ್ಟೋದು ಸಾರ್?’

ಅವರ ಮಾತು ನ್ಯಾಯವಾದದ್ದು. ಆದ್ದರಿಂದ ಒಂದು ಉಂಗುರಕ್ಕೆ ಹೋಗಬೇಡಿ, ಹಳೇ ಕ್ಯಾಮೆರಾ ಇರುವ ನಾಲ್ಕಾರು ಜನ ಸೇರಿ ಇಪ್ಪತ್ತು ಉಂಗುರಕ್ಕೆ ಹೋಗಿ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ, ಮಿಷನ್ ಖಾಲಿ ಇರುತ್ತದೆ. ಬಾಯಲ್ಲಿ ವರ್ಣಿಸಬೇಡಿ, ಕಾಗದದ ಮೇಲೆ ಡ್ರಾಯಿಂಗ್ ಕೊಡಿ: ಹೊರಗೆ 15.5, ಒಳಗೆ 11.7, ಎತ್ತರ ಬ್ಯಾಟರಿಗಿಂತ ಸ್ವಲ್ಪ ಗಿಡ್ಡ. ಗಿಡ್ಡ ಇರಲೇಬೇಕು, ಇಲ್ಲದಿದ್ದರೆ ಉಂಗುರ ಬ್ಯಾಟರಿಯ ಎರಡೂ ತುದಿ ಮುಟ್ಟಿ ಶಾರ್ಟ್ ಆಗುತ್ತದೆ. ಡ್ರಾಯಿಂಗ್ ನೋಡಿದ ಟರ್ನರ್ ಮುಖದಲ್ಲಿ ಆಗುವ ಬದಲಾವಣೆಯನ್ನು ನಾನು ಕಂಡಿದ್ದೇನೆ. ಅಳತೆ ಹಿಡಿದು ಬಂದವರನ್ನು ಅವರು ತಮ್ಮವರೆಂದು ನೋಡುತ್ತಾರೆ.

ವಾಚ್ ರಿಪೇರಿಯವರ ವಿಷಯ ಹೇಳದಿದ್ದರೆ ಈ ಲೇಖನ ಬರೆದೂ ವ್ಯರ್ಥ. ಕ್ಯಾಮೆರಾ ಒಂದು ಸೆಕೆಂಡು, ಅರ್ಧ ಸೆಕೆಂಡು, ಕಾಲು ಸೆಕೆಂಡು ಹೇಗೆ ಲೆಕ್ಕ ಹಾಕುತ್ತದೆ? ಬ್ಯಾಟರಿಯಿಲ್ಲದ ಮೆಕ್ಯಾನಿಕಲ್ ಕ್ಯಾಮೆರಾದೊಳಗೆ ಪುಟ್ಟ ಹಲ್ಲುಚಕ್ರಗಳ ಒಂದು ಸಾಲಿದೆ. ಸ್ಪ್ರಿಂಗು ಆ ಸಾಲನ್ನು ಓಡಿಸಲು ನೋಡುತ್ತದೆ. ಕೊನೆಯ ಚಕ್ರದ ಹಲ್ಲಿಗೆ ಎರಡು ಕೊಕ್ಕಿನ ಒಂದು ಸಣ್ಣ ತುಂಡು ಅಡ್ಡ ಬಂದು, ಆ ಕಡೆ ಈ ಕಡೆ ತೂಗುತ್ತ, ಓಟಕ್ಕೆ ತಡೆ ಹಾಕುತ್ತದೆ. ಒಂದು ಸೆಕೆಂಡಿಗೆ ಇಟ್ಟು ಬಟನ್ ಒತ್ತಿದಾಗ ‘ಝರ್ರ್’ ಎಂದು ಕೇಳುವುದು ಅದರ ಸದ್ದೇ. ಗಡಿಯಾರದಲ್ಲಿರುವುದೂ ಇದೇ ತತ್ವ. ಹಳೆಯ ಎಣ್ಣೆ ಗೋಂದಾಗಿ ಚಕ್ರಗಳು ಹಿಡಿದುಕೊಂಡಾಗ ‘ಝರ್ರ್’ ಅರ್ಧಕ್ಕೆ ನಿಲ್ಲುತ್ತದೆ, ಷಟರ್ ತೆರೆದೇ ಉಳಿಯುತ್ತದೆ.

ಜಾಲಹಳ್ಳಿಯಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾದ ಮೇಲೆ ಬೆಂಗಳೂರಿನ ಈ ಭಾಗದ ಕೈಕೈಗಳಲ್ಲಿ ಕೀಲಿ ಕೊಡುವ ವಾಚು ಬಂತು, ಅದನ್ನು ಬಿಚ್ಚಿ ತೊಳೆದು ಜೋಡಿಸುವ ಕೈಗಳೂ ಹೆಚ್ಚಿದವು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನವಾಯಿತು, ಆ ಕೈಗಳು ಇನ್ನೂ ಇವೆ. ವಿಜಯನಗರದ ಅಡ್ಡರಸ್ತೆಯೊಂದರಲ್ಲಿ ಮೂರಡಿ ಅಗಲದ ಗಾಜಿನ ಪೆಟ್ಟಿಗೆಯ ಹಿಂದೆ ಕೂತ ಹಿರಿಯರೊಬ್ಬರ ಮುಂದೆ ಯಾಷಿಕಾದ ಷಟರ್ ಇಟ್ಟಾಗ ಅವರು ಮೊದಲು ಹೇಳಿದ್ದು ‘ಇದು ನನ್ನ ಕೆಲಸ ಅಲ್ಲಪ್ಪ’ ಎಂದು. ಆಮೇಲೆ ಕಣ್ಣಿಗೆ ಐಗ್ಲಾಸ್ ಸಿಕ್ಕಿಸಿ ನೋಡಿದರು. ಸ್ವಲ್ಪ ಹೊತ್ತು ಮಾತಿಲ್ಲ. ‘ಒಳಗಿರೋದು ನಂದೇ ಕೆಲಸ’ ಎಂದು ಚಿಮಟ ತೆಗೆದುಕೊಂಡರು. ಚಕ್ರದ ಸಾಲನ್ನು ಇಡಿಯಾಗಿ ಎತ್ತಿ, ವಾಚು ತೊಳೆಯುವ ಪೆಟ್ರೋಲಿನ ಬಟ್ಟಲಿನಲ್ಲಿ ಅದ್ದಿ, ಕುಂಚದಿಂದ ಒರೆಸಿ, ಒಣಗಿದ ಮೇಲೆ ಸೂಜಿಮೊನೆಯಲ್ಲಿ ಅಚ್ಚುಗಳಿಗೆ ಮಾತ್ರ ಎಣ್ಣೆ ಮುಟ್ಟಿಸಿದರು. ಷಟರಿನ ಎಲೆಗಳಿಗೆ ಒಂದು ತೊಟ್ಟೂ ತಾಗಗೊಡಲಿಲ್ಲ. ಎಲೆಗಳು ಒಣಗಿಯೇ ಇರಬೇಕು, ಎಣ್ಣೆ ತಾಗಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇಂಥವರ ಹತ್ತಿರ, ಇಲ್ಲವೇ ಕನ್ನಡಕದ ಅಂಗಡಿಯಲ್ಲಿ, 1.4 ಮಿಲಿಮೀಟರಿನ ಸ್ಕ್ರೂ ಸಿಗುತ್ತದೆ. ಕ್ಯಾಮೆರಾದಲ್ಲಿ ಕಳೆದುಹೋಗುವುದು ಹೆಚ್ಚಾಗಿ ಇಂಥವೇ. ಒಂದು ಎಚ್ಚರಿಕೆ: ಜಪಾನಿನ ಕ್ಯಾಮೆರಾದ ಪ್ಲಸ್ ಸ್ಕ್ರೂ ನಮ್ಮ ಪೆಟ್ಟಿಗೆಯ ಫಿಲಿಪ್ಸ್ ಡ್ರೈವರಿಗೆ ಸರಿಯಾಗಿ ಹೊಂದುವುದಿಲ್ಲ. ಜಪಾನಿನವರ ಅಳತೆ ಬೇರೆ, ಜೆಐಎಸ್ ಎನ್ನುತ್ತಾರೆ. ಫಿಲಿಪ್ಸ್ ಇಟ್ಟು ಬಲ ಹಾಕಿದರೆ ಸ್ಕ್ರೂ ತಲೆ ಸವೆದು ಸ್ಲಿಪ್ ಆಗುತ್ತದೆ, ಆಮೇಲೆ ಅದನ್ನು ಡ್ರಿಲ್ ಮಾಡಿಯೇ ತೆಗೆಯಬೇಕು. ಎಲ್ಲಕ್ಕಿಂತ ಮೊದಲು ಜೆಐಎಸ್ ಡ್ರೈವರಿಗೆ ದುಡ್ಡು ಹಾಕಿ.

ಎಲೆಕ್ಟ್ರಾನಿಕ್ ಕ್ಯಾಮೆರಾದವರ ದಾರಿ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಎಸ್‌.ಪಿ. ರೋಡಿಗೆ. ರಾಜಾಜಿನಗರದಿಂದ ಹಸಿರು ಮೆಟ್ರೋದಲ್ಲಿ ನೇರ ಚಿಕ್ಕಪೇಟೆ, ಕೆಂಗೇರಿ–ವಿಜಯನಗರದವರು ಮೆಜೆಸ್ಟಿಕ್‌ನಲ್ಲಿ ಬದಲಿಸಬೇಕು. ಮಿನೋಲ್ಟಾ ಎಕ್ಸ್-700ಕ್ಕೆ ಬರುವ ಹೆಸರಾಂತ ಕಾಯಿಲೆ ಇದೆ: ಒಳಗೆ ಮೀಟರಿನ ದೀಪ ಬೆಳಗುತ್ತದೆ, ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಬಹುಪಾಲು ಸಲ ಹೋಗಿರುವುದು 220 ಮೈಕ್ರೊಫ್ಯಾರಡ್‌ನ ಒಂದು ಕೆಪಾಸಿಟರ್, ಕೆಳಗಿನ ತಟ್ಟೆ ಬಿಚ್ಚಿದರೆ ಕಾಣುವಂಥದ್ದು. ಎಸ್‌.ಪಿ. ರೋಡಿನ ಕೌಂಟರಿನಲ್ಲಿ ಟ್ಯಾಂಟಲಮ್ ಕೆಪಾಸಿಟರ್ ಕೇಳಿ, ಕ್ಯಾಮೆರಾ ಎಂಬ ಪದವನ್ನೇ ಎತ್ತಬೇಡಿ. ಎತ್ತಿದರೆ ‘ಸ್ಪೇರ್ ಇಲ್ಲ’ ಎನ್ನುತ್ತಾರೆ.

ಇನ್ನು ಕಷ್ಟದ ಕಾಲು ಭಾಗ. ಮುರಿದ ಹಲ್ಲುಚಕ್ರ, ಬಾಗಿದ ಷಟರ್ ಎಲೆ, ಒಡೆದ ಪ್ರಿಸಂ, ಜೆನಿತ್‌ನ ಸತ್ತ ಸೆಲೆನಿಯಂ ಮೀಟರು. ಇವನ್ನು ಯಾವ ಲೇತೂ ಮಾಡಿಕೊಡುವುದಿಲ್ಲ. ಇವಕ್ಕೆ ಸತ್ತ ಕ್ಯಾಮೆರಾವೇ ಗೋದಾಮು. ಹುಡುಕುವವರಿಗೆ ಒಂದು ಗುಟ್ಟು ಗೊತ್ತಿರಬೇಕು. ನಿಕಾನ್ ಎಫ್‌ಎಂ10, ಒಲಿಂಪಸ್ ಓಎಂ-2000, ಕ್ಯಾನನ್ ಟಿ60, ಯಾಷಿಕಾ ಎಫ್‌ಎಕ್ಸ್-3, ಈ ನಾಲ್ಕೂ ಬೇರೆ ಬೇರೆ ಹೆಸರಿನವು, ಮಾಡಿದ್ದು ಜಪಾನಿನ ಕೊಸಿನಾ ಎಂಬ ಒಂದೇ ಕಂಪನಿ. ಲೆನ್ಸ್ ಕೂರುವ ಬಾಯಿ ಬೇರೆ, ಒಳಗಿನ ಅಸ್ಥಿಪಂಜರ ಒಂದೇ ವಂಶದ್ದು. ಎಫ್‌ಎಂ10ರ ಫಿಲಂ ಸುತ್ತುವ ಭಾಗ ಬೇಕಾದವರು ನಿಕಾನ್ ಎಂದು ಬರೆದದ್ದನ್ನೇ ಹುಡುಕುತ್ತ ಕೂರಬೇಕಿಲ್ಲ, ಯಾರೂ ಕೇಳದ ಯಾಷಿಕಾ ಎಫ್‌ಎಕ್ಸ್-3 ಬಿಚ್ಚಿ ನೋಡಬಹುದು. ಎಲೆಕ್ಟ್ರೊ 35ರಲ್ಲೂ ಜಿ, ಜಿಎಸ್, ಜಿಎಸ್‌ಎನ್‌ಗಳ ಒಳಗಿನ ಬಹಳಷ್ಟು ಭಾಗ ಒಂದಕ್ಕೊಂದು ಹೊಂದುತ್ತವೆ.

ಭಾನುವಾರ ಬೆಳಿಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿಗೆ ಹೋದರೆ ಪ್ಲಾಸ್ಟಿಕ್ ಹಾಳೆಯ ಮೇಲೆ ಇಂಥ ಕ್ಯಾಮೆರಾಗಳು ಸಿಗುವುದುಂಟು. ಅಲ್ಲಿ ಚೆನ್ನಾಗಿ ಹೊಳೆಯುವುದನ್ನು ಹುಡುಕುವವರೇ ಹೆಚ್ಚು. ಬಿಡಿಭಾಗಕ್ಕೆ ಬಂದವರು ಹೊಳೆಯದ್ದನ್ನು ಹುಡುಕಬೇಕು: ಲೆನ್ಸಿಗೆ ಫಂಗಸ್ ಬಂದಿರಲಿ, ಬಾಗಿಲು ಮುರಿದಿರಲಿ, ನಿಮಗೆ ಬೇಕಾದ ಚಕ್ರ ತಿರುಗಿದರೆ ಸಾಕು. ಆನ್‌ಲೈನಿನಲ್ಲಿ ಜಪಾನಿನಿಂದ ಕೆಟ್ಟ ಕ್ಯಾಮೆರಾ ತರಿಸುವವರೂ ಇದ್ದಾರೆ. ಸಾಗಣೆ, ಕಸ್ಟಮ್ಸ್ ಸೇರಿದಾಗ ಕೆಟ್ಟದ್ದರ ಬೆಲೆ ಚೆನ್ನಾಗಿರುವುದರ ಬೆಲೆ ಮುಟ್ಟುತ್ತದೆ.

ಅದಕ್ಕೇ ನನ್ನ ಕೋರಿಕೆ ಸ್ಟುಡಿಯೋ ಮುಚ್ಚುತ್ತಿರುವವರಿಗೆ. ರಾಜಾಜಿನಗರದ ಬ್ಲಾಕುಗಳಲ್ಲಿ, ವಿಜಯನಗರದ ಮುಖ್ಯರಸ್ತೆಯಲ್ಲಿ ಒಂದು ಕಾಲಕ್ಕೆ ಗಾಜಿನ ಹಿಂದೆ ಮದುಮಕ್ಕಳ ದೊಡ್ಡ ಚಿತ್ರ ತೂಗುಹಾಕಿದ ಸ್ಟುಡಿಯೋಗಳಿದ್ದವು. ಈಗ ಮಗ ಜೆರಾಕ್ಸ್ ಇಟ್ಟಿರುತ್ತಾನೆ, ಇಲ್ಲವೇ ಮಳಿಗೆ ಮೊಬೈಲ್ ಅಂಗಡಿಯಾಗಿರುತ್ತದೆ. ಖಾಲಿ ಮಾಡುವ ದಿನ ಹಳೇ ಕ್ಯಾಮೆರಾಗಳು ಸ್ಟ್ಯಾಂಡು, ಲೈಟು, ತಗಡಿನ ಡಬ್ಬಿಗಳ ಜೊತೆ ಗುಜರಿಗೆ ಹೋಗುತ್ತವೆ, ಕೇಜಿ ಲೆಕ್ಕದಲ್ಲಿ. ಒಂದು ಯಾಷಿಕಾ ಮ್ಯಾಟ್‌ನ ಅಲ್ಯೂಮಿನಿಯಂಗೆ ಗುಜರಿಯವರು ಕೊಡುವುದು ಒಂದು ಕಾಫಿಯ ದುಡ್ಡು. ಅದೇ ಮ್ಯಾಟ್‌ನ ಫೋಕಸ್ ಗುಬ್ಬಿ, ಹ್ಯಾಂಡಲ್, ಲೆನ್ಸಿನ ಮುಚ್ಚಳ, ಷಟರಿನ ಚಕ್ರ ಇನ್ನೂ ಮೂರು ಕ್ಯಾಮೆರಾಗಳಿಗೆ ಜೀವ ಕೊಡುತ್ತವೆ. ದಯವಿಟ್ಟು ಹಾಗೆ ತೂಕಕ್ಕೆ ಹಾಕಬೇಡಿ. ರಿಪೇರಿ ಮಾಡುವವರಿಗೆ ಕೊಡಿ, ಫೋಟೋ ಕ್ಲಬ್ಬಿಗೆ ಕೊಡಿ. 1971ರಿಂದ ನಡೆಯುತ್ತಿರುವ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳು ಇದೇ ಊರಿನಲ್ಲಿವೆ. ಕೊಡುವಾಗ ಒಂದು ಚೀಟಿ ಕಟ್ಟಿ, ಏನು ಓಡುತ್ತದೆ, ಏನು ಓಡುವುದಿಲ್ಲ ಎಂದು ಬರೆಯಿರಿ. ಬಿಚ್ಚಿದವರು ಬಿಚ್ಚಿದ ಸ್ಕ್ರೂಗಳನ್ನು ಅದೇ ಕ್ಯಾಮೆರಾದ ಹೆಸರಿನ ಡಬ್ಬಿಯಲ್ಲಿಡಲಿ. ಹೆಸರಿಲ್ಲದ ಡಬ್ಬಿಯಲ್ಲಿ ಬಿದ್ದ ಭಾಗ ಗುಜರಿಯಲ್ಲಿ ಬಿದ್ದದ್ದಕ್ಕೆ ಸಮ.

ಯಾವುದಕ್ಕೆ ಕೈ ಹಾಕಬಾರದು ಎಂಬುದೂ ಗೊತ್ತಿರಲಿ. ಒಳಗೇ ಫ್ಲ್ಯಾಷ್ ಇರುವ ಸಣ್ಣ ಕ್ಯಾಮೆರಾಗಳ ಕೆಪಾಸಿಟರಿನಲ್ಲಿ 300 ವೋಲ್ಟಿನಷ್ಟು ಕರೆಂಟು ಕೂತಿರುತ್ತದೆ, ಬ್ಯಾಟರಿ ತೆಗೆದ ಮೇಲೂ. ಮಕ್ಕಳ ಕೈಗೆ ಬಿಚ್ಚಲು ಕೊಡಲೇಬೇಡಿ. ತೊಂಬತ್ತರ ದಶಕದ ಆಟೋಮ್ಯಾಟಿಕ್ ಕ್ಯಾಮೆರಾಗಳ ಐಸಿ ಸುಟ್ಟರೆ, ಅದೇ ಮಾಡೆಲ್ಲಿನ ಇನ್ನೊಂದು ಸಿಗುವ ತನಕ ದುಡ್ಡು ಸುರಿಯಬೇಡಿ. ಜೆನಿತ್‌ನ ಮೀಟರು ಸತ್ತಿದ್ದರೆ ಚಿಂತೆ ಬೇಡ, ಷಟರಿಗೆ ಅದರ ಹಂಗಿಲ್ಲ. ಚೆನ್ನಾಗಿ ಬಿಸಿಲಿರುವ ದಿನ ಅಪರ್ಚರ್ 16ಕ್ಕೆ ಇಟ್ಟು, ಫಿಲಮಿನ ವೇಗ 100 ಇದ್ದರೆ ಷಟರ್ 1/125ಕ್ಕೆ, 400 ಇದ್ದರೆ 1/500ಕ್ಕೆ ಇಟ್ಟರೆ ಆಯಿತು. ಕ್ಲಿಕ್ 3 ಹಿಡಿದ ತಲೆಮಾರು ಮೀಟರೇ ಇಲ್ಲದೆ ಬಿಸಿಲು ನೋಡಿ ಚಿತ್ರ ತೆಗೆದದ್ದು.

ರಿಪೇರಿಯಾದ ಮೇಲೆ ಮೊದಲ ರೋಲನ್ನು ಮದುವೆಗೋ ತೀರ್ಥಯಾತ್ರೆಗೋ ಒಯ್ಯದೆ ಪರೀಕ್ಷೆಗೆಂದೇ ಇಡಿ. ಒಂದೇ ಗೋಡೆಯನ್ನು ಎಲ್ಲ ಷಟರ್ ವೇಗದಲ್ಲೂ ತೆಗೆದು, ಯಾವ ಫ್ರೇಮಿಗೆ ಏನು ಇಟ್ಟಿದ್ದಿರಿ ಎಂದು ಬರೆದುಕೊಳ್ಳಿ. ತೊಳೆದು ಬಂದ ನೆಗೆಟಿವ್‌ನಲ್ಲಿ ಬೆಳಕಿನ ಕಲೆ ಇದ್ದರೆ ಅದು ಎಲ್ಲಿಯವರೆಗೆ ಹಬ್ಬಿದೆ ನೋಡಿ. ಅಂಚಿನ ತೂತುಗಳ ಸಾಲಿನವರೆಗೂ ಹರಡಿದ್ದರೆ ಹಿಂಬಾಗಿಲಿನ ಉಲ್ಲನ್ ಸರಿಯಾಗಿ ಕೂತಿಲ್ಲ, ಮತ್ತೆ ಕೂರಿಸಿ. ಕಲೆ ಚಿತ್ರದ ಚೌಕಟ್ಟಿನೊಳಗೇ ನಿಂತಿದ್ದರೆ ಬೆಳಕು ಬರುತ್ತಿರುವುದು ಷಟರ್ ಕಡೆಯಿಂದ. ಆಗ ಮತ್ತೆ ಆ ಗಾಜಿನ ಪೆಟ್ಟಿಗೆಯ ಹಿಂದಿನ ಹಿರಿಯರ ಹತ್ತಿರ ಹೋಗಬೇಕು, ಹೋಗುವಾಗ ನೆಗೆಟಿವ್ ಕೂಡ ತೆಗೆದುಕೊಂಡು ಹೋಗಿ.